ಕಾಕಾನ ದೇವರಮನೆ

ನಮ್ಮ ರೋಣದ ಮನೆಯಲ್ಲಿ ಎರಡು ದೇವರಮನೆಗಳಿದ್ದ ಕಾಲ ಅದು. ಒಂದು ಅಡುಗೆಮನೆಯ ಮಗ್ಗುಲಲ್ಲಿ, ಆಯಿಯದು. ಆಯಿ ಅಂದರೆ ಅಪ್ಪನ ತಾಯಿ. ಅಲ್ಲಿ ಎಣ್ಣೆ ಜಿಡ್ಡು ಹಿಡಿದ ಗೂಡು, ಒಣಗಿದ ಸೇವಂತಿಗೆ, ಊದುಬತ್ತಿಯ ಬೂದಿ, ವಿಭೂತಿಯ ತಣ್ಣನೆ ವಾಸನೆ. ಇನ್ನೊಂದು ಪಡಸಾಲೆಯ ಆಚೆಗಿನ ಕೋಣೆಯಲ್ಲಿ, ಅಪ್ಪನ ತಮ್ಮ ಮಲ್ಲಣ್ಣ ಕಾಕಾನದು. ಅದನ್ನು ದೇವರಮನೆ ಎಂದು ಕರೆದರೆ ಕಾಕಾನಿಗೆ ಈಗಲೂ ಸಿಟ್ಟು ಬರುತ್ತದೆ. ಬರಲಿ. ನನ್ನ ಸಿಟ್ಟೂ ಇನ್ನೂ ಇಳಿದಿಲ್ಲ.

ಕಾಕಾ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಅವನ ಕೋಣೆಯ ಗೋಡೆಯ ಮೇಲೆ ಗಡ್ಡ ಬಿಟ್ಟ ಒಬ್ಬ ವಿದೇಶಿ ವಿಜ್ಞಾನಿಯ ಫೋಟೋ ಇತ್ತು. ದಿನಾ ಬೆಳಿಗ್ಗೆ ಜಳಕ ಮಾಡಿ ಬಂದವನೇ ಚಹಾ ಕುಡಿಯುವ ಮೊದಲು ಒಣ ಟವೆಲ್ಲಿನಿಂದ ಅದನ್ನು ಒರೆಸುತ್ತಿದ್ದ. ಹೂವಿಲ್ಲ, ಕುಂಕುಮವಿಲ್ಲ, ಅಷ್ಟೇ ವ್ಯತ್ಯಾಸ. ಒಮ್ಮೆ ಅವನ ದಪ್ಪ ಪುಸ್ತಕಕ್ಕೆ ನನ್ನ ಕಾಲು ತಾಗಿತು. ನಾನು ಮುಟ್ಟಿ ಕಣ್ಣಿಗೊತ್ತಿಕೊಂಡೆ. "ಏ ನೀಲಾ, ಇದೆಲ್ಲಾ ಮೂಢನಂಬಿಕಿ. ಅದು ಬರೇ ಕಾಗದ," ಎಂದು ಬೈದ. ಇನ್ನೊಮ್ಮೆ ಕಾಲು ತಾಗಿದಾಗ ನಾನು ಕಣ್ಣಿಗೊತ್ತಿಕೊಳ್ಳದೆ ಸುಮ್ಮನೆ ನಡೆದೆ. "ಎಂಥಾ ಪುಸ್ತಕಕ್ಕ ಕಾಲು ಹಚ್ಚೀದಿ ಗೊತ್ತೈತೇನ?" ಎಂದು ಕಿವಿ ಹಿಂಡಿದ. ಐದನೆಯ ಇಯತ್ತೆಯ ಹುಡುಗಿ ನಾನು. ಕಿವಿ ತಿಕ್ಕಿಕೊಳ್ಳುತ್ತ, ಹಾಗಾದರೆ ಏನು ಮಾಡಬೇಕಿತ್ತು ಎಂದು ಯೋಚಿಸಿದ್ದು ಈಗಲೂ ನೆನಪಿದೆ.

ಭಾನುವಾರ ಸಂಜೆ ಕೋಣೆಯಲ್ಲಿ ಅವನ ವಿಜ್ಞಾನ ಬಳಗ ಕೂಡುತ್ತಿತ್ತು. ಜಮಖಾನೆ ಹಾಸಿ, ಚಪ್ಪಲಿ ಹೊರಗೆ ಬಿಟ್ಟು, ಸಾಲಾಗಿ ಕೂಡುತ್ತಿದ್ದರು. ಮೊದಲು ಎಲ್ಲರೂ ಎದ್ದು ನಿಂತು ಬಲಗೈ ಮುಂದೆ ಚಾಚಿ ಒಂದು ಪ್ರತಿಜ್ಞೆ ಹೇಳಬೇಕು. "ಪ್ರಶ್ನೆ ಮಾಡದೆ ನಾನು ಯಾವುದನ್ನೂ ಒಪ್ಪುವುದಿಲ್ಲ." ಕಾಕಾ ಮೊದಲು ಹೇಳುವುದು, ಉಳಿದವರು ಹಿಂದಿನಿಂದ ಹೇಳುವುದು. ವರ್ಷಗಟ್ಟಲೆ ಹೇಳಿದರು. ಒಬ್ಬರಾದರೂ ಪ್ರಶ್ನೆ ಮಾಡಿದ್ದನ್ನು ನಾನು ಕೇಳಲಿಲ್ಲ. ನಾವು ಹುಡುಗಿಯರು ಅಂಗಳದಲ್ಲಿ ಕುಂಟಾಟ ಆಡಿ ಬೇಸರವಾದರೆ 'ಬಳಗದಾಟ' ಆಡುತ್ತಿದ್ದೆವು. ಒಬ್ಬಳು ಮಾಸ್ತರ ಆಗಿ ಬಾಯಿಗೆ ಬಂದದ್ದು ಹೇಳುವುದು, ಉಳಿದವರು ಕೈ ಚಾಚಿ "ಹೌದ್ರಿ, ಹೌದ್ರಿ" ಅನ್ನುವುದು. ಆಯಿ ಹುಣಸೆಹಣ್ಣು ಕುಟ್ಟುತ್ತ ನೋಡಿ ನಗುತ್ತಿದ್ದಳು.

ಬಳಗದವನೊಬ್ಬ, ಪಾಪ, ಆಫೀಸಿನಲ್ಲಿ ಗುಮಾಸ್ತ, ಅಂಗಿಯ ಒಳಗೆ ತಾಯತ ಕಟ್ಟಿಕೊಂಡಿದ್ದ. ಅವನ ಹೆಂಡತಿ ಕಟ್ಟಿದ್ದು. ಸೆಕೆಗೆ ಗುಂಡಿ ಬಿಚ್ಚಿದಾಗ ಕಂಡುಬಿಟ್ಟಿತು. ಕಾಕಾ ಎಲ್ಲರ ಮುಂದೆ ಅವನನ್ನು ಎಬ್ಬಿಸಿ ನಿಲ್ಲಿಸಿದ. "ಒಂದೋ ಅದನ್ನ ಹರದ ಒಗಿ, ಇಲ್ಲಾ ಇಲ್ಲಿಂದ ಎದ್ದು ನಡಿ." ಅವನು ಎದ್ದು ನಡೆದ. ಹೊರಗೆ ಚಪ್ಪಲಿ ಹುಡುಕುತ್ತಿದ್ದವನಿಗೆ ಆಯಿ ಒಂದು ಲೋಟ ಮಜ್ಜಿಗೆ ಕೊಟ್ಟಳು. "ನಮ್ಮ ಸ್ವಾಮಿಗೋಳು ಇಷ್ಟು ಮಡಿ ಮಾಡೂದಿಲ್ಲಪ್ಪಾ," ಎಂದಳು.

ಹಾಗಂತ ಕಾಕಾನ ಒಳ್ಳೆಯದನ್ನು ಮುಚ್ಚಿಡುವವಳು ನಾನಲ್ಲ. ನಮ್ಮ ಮಣ್ಣಿನ ಮಾಳಿಗೆಯ ಮೇಲೆ ಹಾಸಿಗೆ ಹಾಸಿ ಚುಕ್ಕೆ ತೋರಿಸಿದವನು ಅವನೇ. ಭೂತಗನ್ನಡಿಯ ಕೆಳಗೆ ಇರುವೆಯ ಕಾಲಿನ ಕೂದಲು ತೋರಿಸಿದವನೂ ಅವನೇ. ಗ್ರಹಣ ಹಿಡಿದಾಗ ಪರಾತದಲ್ಲಿ ನೀರು ಹಾಕಿ ಒನಕೆ ನಿಲ್ಲಿಸುವುದು ನಿಮ್ಮ ಮನೆಗಳಲ್ಲೂ ಇದ್ದೀತು. ಗ್ರಹಣ ಬಿಡುವ ತನಕ ಅದು ತಾನಾಗಿಯೇ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಒಂದು ಚಂದ್ರಗ್ರಹಣದ ಮರುದಿನ ಕಾಕಾ ಅದೇ ಒನಕೆಯನ್ನು ಅದೇ ಪರಾತದಲ್ಲಿ ನಿಲ್ಲಿಸಿದ. ನಿಂತಿತು! ಮಧ್ಯಾಹ್ನದ ರಣಬಿಸಿಲಿನಲ್ಲಿ, ಯಾವ ಗ್ರಹಣವೂ ಇಲ್ಲದೆ, ನೆಟ್ಟಗೆ ನಿಂತಿತು. "ಬುಡ ಸಪಾಟ ಐತಿ, ಅದಕ್ಕ ನಿಲ್ಲತೈತಿ," ಎಂದ. ನಾನು ಕುಣಿದಾಡಿ ಚಪ್ಪಾಳೆ ಹೊಡೆದೆ. ಆಯಿ ಇಣುಕಿ ನೋಡಿ, "ನಿಂತ್ರ ನಿಲ್ಲಲಿ ಬಿಡು, ನಮಗ ಕುಟ್ಟಾಕ ಬೇಕು, ಕೊಡು ಈಕಡೆ," ಎಂದು ಎತ್ತಿಕೊಂಡು ಹೋದಳು. ಆ ದಿನದಿಂದ ನಾನು ಕಾಕಾನ ಬಾಲ. ಅದ್ಯಾಕ, ಇದ್ಯಾಕ ಎಂದು ಬೆನ್ನು ಹತ್ತಿದೆ. ವಿಜ್ಞಾನದ ಪರೀಕ್ಷೆಯಲ್ಲಿ ತರಗತಿಗೇ ನಾನು ಮೊದಲು.

ಆ ವರ್ಷ ಹಟ್ಟಿ ಹಬ್ಬದ ಅಮಾವಾಸ್ಯೆಯ ಮುಂಜಾನೆಯೇ ಸೂರ್ಯಗ್ರಹಣ ಬಂತು. ದೀಪಾವಳಿಯನ್ನು ನಾವು ಹಟ್ಟಿ ಹಬ್ಬ ಅನ್ನುವುದು. ಹೊಲದಿಂದ ಬಂದ ಉಳ್ಳಾಗಡ್ಡಿಯ ಘಾಟು ಓಣಿ ತುಂಬ. ಮಾಳಿಗೆಯ ಮೇಲೆ ಕೆಂಪು ಮೆಣಸಿನಕಾಯಿ ಹರಡಿರುತ್ತಿತ್ತು, ಮೇಲೆ ಹತ್ತಿದರೆ ಸೀನು. ಸಗಣಿಯಿಂದ ಹಟ್ಟೆವ್ವ ಮಾಡಿ ಹೊಸ್ತಿಲಿಗಿಟ್ಟು ಹಳದಿ ಹೂ ಚುಚ್ಚುವುದು ನಮ್ಮ ಕೆಲಸ. ಆ ಸಲ ನಮ್ಮ ಮನೆಯಲ್ಲಿ ಇನ್ನೊಂದು ಸಂತೋಷವಿತ್ತು. ಕಾಕಾನ ಹೆಂಡತಿ ಗಿರಿಜಾ ಚಿಗವ್ವ ಎಂಟು ತಿಂಗಳ ಬಸುರಿ, ಚೊಚ್ಚಲು. ಕುಬಸ ತೊಡಿಸುವ ಸೀಮಂತದ ಶಾಸ್ತ್ರ ಮುಗಿದಿತ್ತು, ಹಸಿರು ಬಳೆ ಇಟ್ಟುಕೊಂಡಿದ್ದಳು. ಪದ್ಧತಿಯ ಪ್ರಕಾರ ಜಕ್ಕಲಿಯ ತವರಿಗೆ ಅವಳು ಆಗಲೇ ಹೋಗಬೇಕಿತ್ತು. ಕಾಕಾ ಕಳಿಸಲಿಲ್ಲ. "ಗ್ರಹಣ ಮುಗಿಸ್ಕೊಂಡು ಹೋಗು," ಎಂದ.

ಯಾಕೆ ಎಂದು ಗೊತ್ತಾದದ್ದು ಹಿಂದಿನ ದಿನ. ಬಳಗದವರು ಗ್ರಹಣದ ಹೊತ್ತಿಗೆ ಮೈದಾನದಲ್ಲಿ ಕೂಡಿ, ಊರಿನ ಕಣ್ಣೆದುರು ಚುರುಮುರಿ ತಿನ್ನುವುದಿತ್ತು. ಬಸುರಿಯರು ಗ್ರಹಣದಲ್ಲಿ ಹೊರಗೆ ಬರಬಾರದು, ಏನನ್ನಾದರೂ ಹೆಚ್ಚಿದರೆ ಕೂಸಿನ ತುಟಿ ಹರಿಯುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರಲ್ಲ, ಆ ನಂಬಿಕೆಯನ್ನು ಮುರಿಯಲು ಚಿಗವ್ವ ಎಲ್ಲರ ಮುಂದೆ ಈಳಿಗೆಯ ಮೇಲೆ ಸೌತೆಕಾಯಿ ಹೆಚ್ಚಬೇಕು.

ಆಯಿ ಸೆರಗೊಡ್ಡಿ ಬೇಡಿಕೊಂಡಳು. "ಮಲ್ಲಣ್ಣಾ, ನೀ ತಿನ್ನು, ನಿನ್ನ ಮಂದಿ ತಿನ್ಲಿ. ಆಕಿನ ಯಾಕ ಕರಕೊಂಡು ಹೋಗ್ತಿ? ಮನಸಿನಾಗ ಅಂಜಿಕಿ ಇಟ್ಕೊಂಡ ಬಸರಿ ಆಕಿ."

"ಅಂಜಿಕಿ ಹೋಗ್ಲಿ ಅಂತನs ಕರಕೊಂಡು ಹೊಂಟೀನಿ."

"ಆಕಿನ್ನ ಕೇಳೀಯೇನು?"

"ಇದ್ರಾಗ ಕೇಳೂದೇನೈತಿ? ವಿಜ್ಞಾನ ಹೇಳತೈತಿ ಏನೂ ಆಗೂದಿಲ್ಲ ಅಂತ."

ನಾನು ನಡುವೆ ಬಾಯಿ ಹಾಕಿದೆ. "ಕಾಕಾ, ಪ್ರಶ್ನೆ ಮಾಡದs ಏನೂ ಒಪ್ಪಬಾರ್ದಲ್ಲಾ?" ಅವನು ನನ್ನನ್ನು ನೋಡಿದ ರೀತಿಗೆ ನಾನು ಆಯಿಯ ಹಿಂದೆ ಸರಿದೆ.

ಚಿಗವ್ವ ಒಲ್ಲೆ ಎನ್ನಲಿಲ್ಲ. ಎನ್ನುವ ಹೆಂಡತಿಯಾಗಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಮುಂಜಾನೆ ಬೆಳಕು ಬೂದಿ ಬಣ್ಣಕ್ಕೆ ತಿರುಗಿತು. ಮನೆಗಳ ಬಾಗಿಲು ಮುಚ್ಚಿದ್ದವು, ನೀರಿನ ಕೊಡ, ಉಪ್ಪಿನಕಾಯಿ ಭರಣಿಯ ಮೇಲೆಲ್ಲ ಗರಿಕೆ. ಪಕ್ಕದ ಮನೆಯ ಮಮತಾಜ್ ಚಾಚಿ, ಅವರದು ಬಳೆ ವ್ಯಾಪಾರ, ಒಳಗೆ ನಮಾಜಿಗೆ ಕೂತಿದ್ದಳು. ಮೈದಾನದಲ್ಲಿ ಮಾತ್ರ ಕಾಕಾನ ಬಳಗದವರು ಗೋಲಾಗಿ ಕೂತಿದ್ದರು. ಅದೇ ಪ್ರತಿಜ್ಞೆ, ಅದೇ ಚಾಚಿದ ಕೈ. ಚುರುಮುರಿಯನ್ನು ಕಾಕಾ ತಾನೇ ಒಬ್ಬೊಬ್ಬರ ಕೈಗೆ ಹಾಕುತ್ತ ಬಂದ. ಅವರು ಬಲಗೈಯಲ್ಲಿ ತೆಗೆದುಕೊಂಡು, ಎಲ್ಲರಿಗೂ ಮುಟ್ಟುವ ತನಕ ಕಾದು, ಒಟ್ಟಿಗೆ ಬಾಯಿಗೆ ಹಾಕಿಕೊಂಡರು. ಪ್ರಸಾದ ಹಂಚುವುದನ್ನು ನೋಡಿ ಬೆಳೆದ ನನಗೆ ಅದು ಬೇರೆಯಾಗಿ ಕಾಣಲಿಲ್ಲ. ಆಮೇಲೆ ಚಿಗವ್ವ ಈಳಿಗೆಯ ಮೇಲೆ ಕಾಲಿಟ್ಟು ಕೂತಳು. ಹೊಟ್ಟೆ ಅಡ್ಡ ಬರುತ್ತಿತ್ತು. ಸೌತೆಕಾಯಿ ಎರಡು ಹೋಳಾದಾಗ ದೂರದಲ್ಲಿ ಕದ್ದು ನೋಡುತ್ತಿದ್ದ ಹೆಂಗಸರು "ಶಿವಾ" ಎಂದದ್ದು ನನಗೆ ಕೇಳಿಸಿತು. ಬಳಗದವರು ಚಪ್ಪಾಳೆ ಹೊಡೆದರು. ಚಿಗವ್ವನ ಹಣೆಯ ತುಂಬ ಬೆವರು. ಅವಳು ಯಾರ ಕಡೆಗೂ ನೋಡಲಿಲ್ಲ.

ಮುಂದೆ ಜಕ್ಕಲಿಯಲ್ಲಿ ಅವಳು ಹಡೆದಳು. ಹೆಣ್ಣು ಕೂಸು ಎಂದು ಸುದ್ದಿ ಬಂತು. ಕಾಕಾ ಹೋಗಿ ನೋಡಿ ಬಂದ. ಸಕ್ಕರೆ ಹಂಚಲಿಲ್ಲ. ಕೋಣೆ ಸೇರಿ ಬಾಗಿಲು ಹಾಕಿಕೊಂಡ. ತೊಟ್ಟಿಲಿಗೆ ಹಾಕುವುದು ಯಾವಾಗ ಎಂದು ನನ್ನ ಅವ್ವ ಕೇಳಿದರೆ, "ಅದೆಲ್ಲಾ ನನಗ ನಂಬಿಕಿ ಇಲ್ಲ," ಎಂದ. ಕೂಸನ್ನು ನೋಡಲು ಹೋಗುತ್ತೇನೆ ಎಂದು ಆಯಿ ಅಂದರೆ, "ಈಗ ಬ್ಯಾಡ, ಥಂಡಿ ಐತಿ," ಎಂದ. ಬಜಾರಿನಲ್ಲಿ ಯಾರಾದರೂ "ಏನ್ರಿ ಮಾಸ್ತರ, ಮಗಳನ್ನ ಯಾವಾಗ ಕರಕೊಂಡು ಬರ್ತೀರಿ?" ಎಂದರೆ ದಾರಿ ಬದಲಿಸುತ್ತಿದ್ದನಂತೆ.

ಆಯಿಗೆ ತಡೆಯಲಾಗಲಿಲ್ಲ. ಒಂದು ಶನಿವಾರ ಬಾಣಂತಿ ತಿನ್ನುವ ಅಂಟಿನುಂಡಿಯ ಡಬ್ಬಿ, ಹಳೆಯ ಸೀರೆಗಳಿಂದ ಹೊಲಿದ ಒಂದು ಪುಟ್ಟ ಕೌದಿ ಚೀಲಕ್ಕೆ ಹಾಕಿಕೊಂಡು, ನನ್ನ ಕೈ ಹಿಡಿದು ಜಕ್ಕಲಿಯ ಬಸ್ಸು ಹತ್ತಿದಳು.

ಬಾಣಂತಿ ಕೋಣೆಯಲ್ಲಿ ಲೋಬಾನದ ಹೊಗೆ, ಬೆಳ್ಳುಳ್ಳಿ ಸಿಪ್ಪೆಯ ವಾಸನೆ. ಚಿಗವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು. ತೊಡೆಯ ಮೇಲೆ ಕೂಸು. ಮೇಲ್ದುಟಿ ಮೂಗಿನ ತನಕ ಸೀಳಿತ್ತು, ಒಸಡಿನ ಗುಲಾಬಿ ಬಣ್ಣ ಹೊರಗೆ ಕಾಣುತ್ತಿತ್ತು. ಕಣ್ಣು ಮಾತ್ರ ಎಷ್ಟು ಚಂದ, ನನ್ನನ್ನೇ ನೋಡಿತು. ಮೊಲೆ ಹಿಡಿಯಲು ಬರುತ್ತಿರಲಿಲ್ಲ. ಚಿಗವ್ವ ಹಾಲು ಹಿಂಡಿ ಒಳಲೆಯಿಂದ ಹನಿ ಹನಿ ಬಿಡುತ್ತಿದ್ದಳು, ಅರ್ಧ ಗದ್ದದ ಮೇಲೆ ಇಳಿಯುತ್ತಿತ್ತು. ಕೂಸಿನ ಕೈಗಳು ಕಡ್ಡಿಯಂತಾಗಿದ್ದವು.

"ನನ್ನ ಕೈಯಿಂದನs ಹೆಚ್ಚಿದೆ ನೋಡ್ರಿ ಅತ್ತೀ," ಎಂದಳು ಚಿಗವ್ವ. ಅವಳ ತಾಯಿಯೂ ಬಾಗಿಲಲ್ಲಿ ನಿಂತು, "ಗ್ರಹಣ ಹಿಡದ ಕೂಸು," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ಆಯಿ ಕೂಸನ್ನು ಎತ್ತಿಕೊಂಡು ಹಣೆಗೆ ವಿಭೂತಿ ಹಚ್ಚಿದಳು. ಆಯಿ ಗ್ರಹಣವನ್ನು ನಂಬುತ್ತಿದ್ದವಳೇ. ಕೊನೆಯ ತನಕ ನಂಬಿದಳು. ಆದರೆ ಆ ಕೋಣೆಯಲ್ಲಿ ಅವಳು ಗ್ರಹಣದ ಮಾತು ಎತ್ತಲಿಲ್ಲ. ನಾ ಹೇಳಿರಲಿಲ್ಲವೇ ಎಂದು ಅನ್ನಲಿಲ್ಲ. "ಮಮತಾಜನ ತಮ್ಮನ ಮಗ ಇಲ್ಲೇನು ಗಜೇಂದ್ರಗಡದಾಗ? ಅವಂಗೂ ಹಿಂಗs ಇತ್ತು. ಧಾರವಾಡದಾಗ ಹೊಲಿಸ್ಕೊಂಡು ಬಂದ್ರು. ಈಗ ಸೀಟಿ ಹೊಡಕೊಂಡು ತಿರಗತಾನ," ಎಂದಳು.

ಅಷ್ಟರಲ್ಲಿ ಕಾಕಾ ಬಂದ. ಶನಿವಾರ ಅರ್ಧ ದಿನದ ಸಾಲೆ ಮುಗಿಸಿ ಬರುತ್ತಿದ್ದನಂತೆ, ತಲೆ ತಗ್ಗಿಸಿ, ಹಿತ್ತಲ ಬಾಗಿಲಿನಿಂದ. ತಾಯಿಯನ್ನು ನೋಡಿ ಮುಖ ಬಿಳಿಚಿತು.

"ನಾಳೆನs ಧಾರವಾಡಕ್ಕ ಹೋಗೂಣು ನಡಿ," ಎಂದಳು ಆಯಿ.

"ಈಗ ಬ್ಯಾಡವ್ವಾ."

"ಯಾಕ?"

"ನಿನಗ ತಿಳಿಯಾಂಗಿಲ್ಲ. ಊರ ಮುಂದ ನಾನs ಈಳಿಗಿ ಕೊಟ್ಟು ಹೆಚ್ಚಿಸೀನಿ. ಈ ಕೂಸಿನ ಮಾರಿ ರೋಣದ ಬಸ್‌ಸ್ಟ್ಯಾಂಡಿನಾಗ ಕಂಡ್ರ ಮುಗೀತು. ಇನ್ನ ಯಾವ ಬಸರಿನೂ ಗ್ರಹಣದಾಗ ಹೊಸ್ತಿಲಾ ದಾಟಾಂಗಿಲ್ಲ. ಇಷ್ಟ ವರ್ಷ ಮಾಡಿದ್ದು ನೀರಾಗ ಹೋಗತೈತಿ."

"ಹಂಗಾರ ಕೂಸಿನ ಗತಿ?"

"ಸ್ವಲ್ಪ ದೊಡ್ಡದಾಗ್ಲಿ. ಮುಂಬೈ ಕಡೆ ಎಲ್ಲಾರ ಮಾಡಿಸ್ಕೊಂಡು ಬರ್ತೀನಿ. ಯಾರಿಗೂ ಗೊತ್ತಾಗಬಾರ್ದು."

"ಅಲ್ಲೀತನಾ ಹಾಲು ಹ್ಯಾಂಗ ಕುಡೀಬೇಕಲೇ ಇದು? ಕೈ ನೋಡಿಲ್ಲಿ, ಕೈ ನೋಡು!"

ಕಾಕಾ ಕೈ ನೋಡಲಿಲ್ಲ. ಗೋಡೆ ನೋಡಿದ. "ಒಂದು ಕೂಸಿನ ಸಲುವಾಗಿ ಒಂದು ಊರಿನ ತಿಳಿವಳಿಕಿ ಹಾಳು ಮಾಡಾಕ ಆಗೂದಿಲ್ಲ," ಎಂದ. ಪ್ರತಿಜ್ಞೆ ಹೇಳುವ ದನಿಯಲ್ಲೇ ಹೇಳಿದ.

ಆಯಿ ಕೂಸನ್ನು ಅವನ ಮುಂದೆ ಹಿಡಿದಳು. "ನಮ್ಮ ದೇವರು ಒಂದು ಕಾಯಿ ಒಡದ್ರ ಸುಮ್ಮನಾಗ್ತಾನಪ್ಪಾ," ಎಂದಳು. "ನಿನ್ನ ದೇವರಿಗೆ ಕೂಸs ಬೇಕೇನು?"

ಅವನು ಹಿತ್ತಲ ಬಾಗಿಲಿನಿಂದಲೇ ಹೋದ.

ಮರುದಿನ ಅವನಿಲ್ಲದೆ ಹೊರಟೆವು. ರೋಣಕ್ಕೆ ಬಂದು ಧಾರವಾಡದ ಬಸ್ಸಿಗೆ ಕಾಯಬೇಕಿತ್ತು. ಸುದ್ದಿ ತಿಳಿದು ಮಮತಾಜ್ ಚಾಚಿ ಬುರ್ಖಾ ಹಾಕಿಕೊಂಡು, ರೊಟ್ಟಿಬುತ್ತಿ ಕಟ್ಟಿಕೊಂಡು ಬಂದುಬಿಟ್ಟಿದ್ದಳು. ಡಾಕ್ಟರರ ಕೋಣೆ ಎಲ್ಲಿ ಎಂದು ಅವಳಿಗೆ ಗೊತ್ತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಚಿಗವ್ವ ಕೂಸಿನ ಮುಖದ ಮೇಲೆ ಸೆರಗು ಎಳೆದಳು. ಆಯಿ ಅದನ್ನು ಸರಿಸಿದಳು.

"ಮಾರಿ ಯಾಕ ಮುಚ್ಚತಿ? ಕಳವು ಮಾಡಿ ತಂದೀವೇನು?"

ಹೆಂಗಸರು ಸುತ್ತಲೂ ಕೂಡಿದರು. ಮಾಸ್ತರನ ಕೂಸು, ಗ್ರಹಣದ ಕೂಸು ಎಂಬ ಪಿಸುಮಾತು ಹಬ್ಬಿತು. ಒಬ್ಬಳು ಬಾಯಿ ಬಿಟ್ಟೇ ಕೇಳಿದಳು. "ಏನ್ರಿ ಆಯಿ, ತುಟಿ ಹರದೈತೇನ್ರಿ?"

"ಹೂಂನವಾ, ಹರದೈತಿ. ಹೊಲಿಸ್ಕೊಂಡು ಬರಾಕ ಹೊಂಟೀವಿ. ನಿನ್ನ ಕುಬಸ ಹರದ್ರ ಒಗದು ಬಿಡ್ತೀಯೋ, ಹೊಲಸ್ತೀಯೋ?"

ಮಮತಾಜ್ ಚಾಚಿ ಗಟ್ಟಿಯಾಗಿ ನಕ್ಕಳು. ಕೇಳಿದವಳೂ ನಕ್ಕಳು. ಆಮೇಲೆ ಅವಳೇ ಚಿಗವ್ವನಿಗೆ ಕಿಟಕಿಯ ಪಕ್ಕದ ಸೀಟು ಹಿಡಿದು ಕೊಟ್ಟಳು.

ಆ ಭಾನುವಾರ ಧಾರವಾಡದಲ್ಲಿ ಮಮತಾಜ್ ಚಾಚಿಯ ನಂಟರ ಮನೆಯಲ್ಲಿ ಉಳಿದು, ಸೋಮವಾರ ಮುಂಜಾನೆ ದವಾಖಾನೆಗೆ ಹೋದೆವು. ಡಾಕ್ಟರು ಹೆಂಗಸು, ನಡುವಯಸ್ಸು. ಕೂಸಿನ ಬಾಯೊಳಗೆ ಬೆರಳಿಟ್ಟು ನೋಡಿದರು. ಅಂಗುಳ ಗಟ್ಟಿಯಿದೆ, ತುಟಿ ಒಸಡಿನದಷ್ಟೇ ತೊಂದರೆ, ಹೊಲಿಯಬಹುದು, ಅದಕ್ಕೆ ಮೊದಲು ಕೂಸು ಮೈ ತುಂಬಿಕೊಳ್ಳಬೇಕು ಎಂದರು. ಹಾಲು ಹೇಗೆ ಕುಡಿಸಬೇಕು ಎಂದು ಕೂಸನ್ನು ನೆಟ್ಟಗೆ ಕೂಡಿಸಿ ತೋರಿಸಿದರು. "ಇನ್ನಷ್ಟು ಲಗೂ ತರಬೇಕಿತ್ತು. ಯಾಕ ತಡಾ ಮಾಡಿದ್ರಿ?" ಎಂದರು.

ಚಿಗವ್ವ ಅಳುತ್ತ ಎಲ್ಲ ಹೇಳಿದಳು. ಗ್ರಹಣ, ಈಳಿಗೆ, ಸೌತೆಕಾಯಿ, ಎಲ್ಲ.

"ಆವಾಗ ನಿನಗ ಎಷ್ಟರಾಗಿತ್ತವಾ?"

"ಎಂಟರಾಗ ಇತ್ತರಿ."

ಡಾಕ್ಟರು ಬೈಯಲೂ ಇಲ್ಲ, ನಗಲೂ ಇಲ್ಲ. ತಮ್ಮ ಮೂಗಿನ ಎರಡೂ ಬದಿಗೆ ಬೆರಳಿಟ್ಟು, ಮೆಲ್ಲಗೆ ನಡುವಿಗೆ ತಂದು ಕೂಡಿಸಿದರು. "ಹೊಟ್ಟಿಯೊಳಗ ಕೂಸಿನ ತುಟಿ ಹಿಂಗ ಎರಡೂ ಕಡಿಯಿಂದ ಬಂದು ಕೂಡತೈತಿ. ಕೂಡೂದು ಎರಡನೇ ತಿಂಗಳಾಗ. ಒಮ್ಮೊಮ್ಮೆ ಕೂಡೂದಿಲ್ಲ. ಯಾಕಂತ ನಮಗೂ ಪೂರಾ ಗೊತ್ತಿಲ್ಲ. ನೀ ಸೌತಿಕಾಯಿ ಹೆಚ್ಚೂದ್ರಾಗ ಈಕಿ ಮಾರಿ ಆಗಿ ಭಾಳ ದಿನಾ ಆಗಿತ್ತು ತಂಗಿ. ನೀ ಏನೂ ಮಾಡಿಲ್ಲ."

"ಖರೇನ್ರಿ? ನನ್ನ ಕೈಯಿಂದ ಆಗಿದ್ದಲ್ಲೇನ್ರಿ?"

"ಖರೇ."

ಚಿಗವ್ವ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. ಆಮೇಲೆ ಆ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತ ಅಳು, ನಾನು ಮತ್ತೆಂದೂ ಅಂಥದ್ದನ್ನು ಕೇಳಿಲ್ಲ. ಆಯಿ ಅಳು ನಿಲ್ಲುವ ತನಕ ಕಾದು ಡಾಕ್ಟರರನ್ನು ಕೇಳಿದಳು. "ಇದು ಸಾಲಿ ಮಾಸ್ತರಿಗೆ ಗೊತ್ತಿರತೈತೇನ್ರಿ ಡಾಕ್ಟರಬಾಯಾರ?"

"ಗೊತ್ತಿಲ್ಲಂದ್ರ ಪುಸ್ತಕದಾಗ ಐತಿ. ಇಲ್ಲಾ ನಮ್ಮನ್ನ ಕೇಳಿದ್ರ ಹೇಳ್ತೇವಿ."

ನನ್ನ ಸಿಟ್ಟು ಇರುವುದು ಇಲ್ಲಿ. ಕಾಕಾನ ಕಪಾಟಿನಲ್ಲಿ ಪುಸ್ತಕಕ್ಕೇನು ಬರವಿತ್ತೇ? ತಿರುವಿ ನೋಡಬಹುದಿತ್ತು. ಗದಗಿನ ಯಾವುದಾದರೂ ದವಾಖಾನೆಯ ಮೆಟ್ಟಿಲು ಹತ್ತಿ ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಅವನೇ ಗೆಲ್ಲುತ್ತಿದ್ದ! ಕೂಸನ್ನು ಎತ್ತಿಕೊಂಡು ಬಜಾರಿನ ನಡುವೆ ನಿಂತು, ನೋಡಿ, ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ತಿಂಗಳ ಲೆಕ್ಕ ಹೇಳಬಹುದಿತ್ತು. ಅವನು ಕೇಳಲಿಲ್ಲ. ಯಾಕೆಂದರೆ ಒಳಗೆಲ್ಲೋ ಅವನೂ ಈಳಿಗೆಯಿಂದಲೇ ಆಯಿತು ಎಂದು ನಂಬಿಬಿಟ್ಟಿದ್ದ. ಉತ್ತರ ತನ್ನ ವಿರುದ್ಧ ಬಂದರೆ ಎಂಬ ಭಯ. ನಮ್ಮಂಥ ದೇವರ ಒಕ್ಕಲಿಗೆ ಆ ಭಯ ಇರುತ್ತದೆ, ನಾನು ಒಪ್ಪುತ್ತೇನೆ. ನಾವು ನಂಬುವವರು ಎಂದು ಹೇಳಿಕೊಂಡೇ ನಂಬುತ್ತೇವೆ. ನಂಬುವುದಿಲ್ಲ ಎಂದು ಕೈ ಚಾಚಿ ಕೂಗಿಕೊಂಡು, ನಂಬಿಕೆ ಉಳಿಸಿಕೊಳ್ಳಲು ಕೂಸಿನ ಬಾಯಿಯ ಹಾಲಿಗೆ ಅಡ್ಡ ನಿಲ್ಲುವವನನ್ನು ಏನೆನ್ನಬೇಕು? ಡಾಕ್ಟರರ ಹತ್ತಿರ ಇದ್ದದ್ದು ವಿಜ್ಞಾನ. "ನಮಗೂ ಪೂರಾ ಗೊತ್ತಿಲ್ಲ" ಎಂದರಲ್ಲ, ಆ ಮಾತು ಕಾಕಾನ ಕೋಣೆಯಲ್ಲಿ ಒಂದು ದಿನವೂ ಕೇಳಿಸಿರಲಿಲ್ಲ.

ಕೂಸು ಮೈ ತುಂಬಿಕೊಂಡಿತು. ಬೇಸಿಗೆಯ ಹೊತ್ತಿಗೆ ತುಟಿ ಹೊಲಿದರು. ಪಾರ್ವತಿ ಎಂದು ಹೆಸರಿಟ್ಟು ಆಯಿಯೇ ತೊಟ್ಟಿಲಿಗೆ ಹಾಕಿದಳು. ಸಣ್ಣ ಕೆಂಪು ಗೆರೆಯೊಂದು ಉಳಿದಿತ್ತು, ಅಷ್ಟೇ.

ಆಗ ಕಾಕಾನ ತಲೆ ಎದ್ದಿತು. ಬಳಗದ ದೊಡ್ಡ ಸಭೆ ಕರೆದ. ಊರಿನ ನಾಲ್ಕು ಮಂದಿ ಹಿರಿಯರನ್ನೂ ಕರೆದ. ಪಾರ್ವತಿಯನ್ನು ಎತ್ತಿ ಹಿಡಿದು, "ನೋಡ್ರಿ, ಇದು ವಿಜ್ಞಾನದ ಪವಾಡ," ಎಂದ. ಪವಾಡ ಎಂದೇ ಅಂದ. ಎಲ್ಲರೂ ಚಪ್ಪಾಳೆ ಹೊಡೆದರು. ತಡವಾದದ್ದು ಹೇಳಲಿಲ್ಲ, ಹಿತ್ತಲ ಬಾಗಿಲು ಹೇಳಲಿಲ್ಲ, ಬಸ್ಸು ಹತ್ತಿಸಿದವರು ಯಾರೆಂದು ಹೇಳಲಿಲ್ಲ. ಆಯಿ ಒಳಗೆ ಅಷ್ಟೂ ಮಂದಿಗೆ ಚಹಾ ಸೋಸುತ್ತಿದ್ದಳು.

ಚಿಗವ್ವ ಚಹಾದ ತಾಟು ಹಿಡಿದು ಬಂದವಳು ಅದನ್ನು ನೆಲಕ್ಕಿಟ್ಟು ನೆಟ್ಟಗೆ ನಿಂತಳು.

"ನಂದೊಂದು ಪ್ರಶ್ನೆ ಐತ್ರಿ," ಎಂದಳು.

ಎಲ್ಲರೂ ಅವಳ ಕಡೆ ತಿರುಗಿದರು.

"ಧಾರವಾಡಕ್ಕ ನೀವ್ಯಾಕ ಬರ್ಲಿಲ್ಲ?"

ಬಳಗದವರು ಜಮಖಾನೆಯ ಗೆರೆ ನೋಡತೊಡಗಿದರು. ಒಬ್ಬ ಕೆಮ್ಮಿದ. ಕಾಕಾ ಕೂಸನ್ನು ಅವಳ ಕೈಗೆ ಕೊಡುತ್ತ ನಕ್ಕ. "ಅದು ಮನಿ ವಿಷಯ. ಒಳಗ ನಡಿ," ಎಂದ.

ಚಿಗವ್ವ ಒಳಗೆ ನಡೆದಳು. ಅಂದಿನಿಂದ ಅವನೊಂದಿಗೆ ನೇರ ಮಾತಾಡಲಿಲ್ಲ. ಮೂರು ಹೊತ್ತು ಅವನ ತಾಟಿಗೆ ಬಡಿಸಿದಳು. "ನೀಲಾ, ಅವರಿಗೆ ಊಟಕ್ಕ ಏಳಂತ ಹೇಳು," "ಪಾರೂ, ಅವರಿಗೆ ನೀರು ಕಾದಾವಂತ ಹೇಳು." ಇವತ್ತಿಗೂ ಅವರ ಮನೆಯಲ್ಲಿ ಹಾಗೇ ನಡೆದಿದೆ ಎಂದು ಪಾರ್ವತಿಯೇ ಹೇಳುತ್ತಾಳೆ. ಕಾಕಾ ರಿಟೈರಾಗಿ ಎಷ್ಟೋ ವರ್ಷವಾಯಿತು. ಈಗ ಮೊಬೈಲಿನಲ್ಲಿ ನಮ್ಮೆಲ್ಲರಿಗೂ ದಿನಾ ಬೆಳಿಗ್ಗೆ ಒಂದೊಂದು ಉಪದೇಶ ಕಳಿಸುತ್ತಾನೆ. ದೇವರಿಗೆ ಹೋಗುವವರು ಕುರಿಗಳು, ಇತ್ಯಾದಿ. ನಾನು ಓದಿ, ಉತ್ತರಿಸದೆ, ದೀಪ ಹಚ್ಚಲು ಏಳುತ್ತೇನೆ.

ಕೊಟ್ಟ ದೇವರಿಗೆ ಲೆಕ್ಕ ಒಪ್ಪಿಸುವುದು ನನ್ನ ರೂಢಿ. ಪಾರ್ವತಿ ತನ್ನ ಹೆಸರಿನ ಮೊದಲ ಅಕ್ಷರವನ್ನು ತುಟಿ ಕೂಡಿಸಿ ಸ್ಪಷ್ಟವಾಗಿ ಹೇಳುತ್ತಾಳೆ, ಅದೊಂದು ಕೃಪೆ. ಚಿಗವ್ವ ತನ್ನ ಕೈಗಳನ್ನು ಕ್ಷಮಿಸಿಕೊಂಡು ಬದುಕಿದಳು, ಅದೊಂದು. ಆಯಿ ನರಳದೆ ಹೋದಳು. ನನಗೆ ಗಜೇಂದ್ರಗಡದಲ್ಲಿ ಒಳ್ಳೆಯ ಮನೆ ಸಿಕ್ಕಿತು, ಗಂಡ ನನ್ನನ್ನು ಕೇಳಿ ಮಾತಾಡುವವರು.

ಹೋದದ್ದೂ ಒಂದಿದೆ. ಆ ಸಭೆಯ ನಂತರ ನಾನು ಕಾಕಾನ ಕೋಣೆಗೆ ಕಾಲಿಡಲಿಲ್ಲ. ಮಾಳಿಗೆ ಹತ್ತಲಿಲ್ಲ. ಹತ್ತನೆಯ ಇಯತ್ತೆ ಮುಗಿದಾಗ ಸಾಲೆಯ ಅಕ್ಕೋರು, "ವಿಜ್ಞಾನ ತಗೋ ನೀಲಾ, ನಿನಗ ಅದರಾಗ ಬುದ್ಧಿ ಓಡತೈತಿ," ಎಂದು ಮನೆಗೇ ಬಂದು ಹೇಳಿದರು. ಅಪ್ಪನೂ ಹೂಂ ಅಂದಿದ್ದ. ನಾನು ಒಲ್ಲೆ ಎಂದೆ. ವಿಜ್ಞಾನ ಎಂದರೆ ನನಗೆ ಗೋಡೆ ನೋಡುತ್ತ ನಿಂತ ಕಾಕಾ ಕಾಣುತ್ತಿದ್ದ. ನನ್ನ ದೇವರನ್ನು ನನ್ನಿಂದ ಬಿಡಿಸಲು ಅವನು ವರ್ಷಗಟ್ಟಲೆ ಹೆಣಗಿದ. ದೇವರು ಎಲ್ಲಿಗೂ ಹೋಗಲಿಲ್ಲ. ಅವನು ಬಿಡಿಸಿದ್ದು ನಾನು ಪ್ರೀತಿಸಿದ ಇನ್ನೊಂದನ್ನು.

ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕದಿದ್ದರೆ ರೊಟ್ಟಿ ಬಡಿಯುವಾಗ ಹರಿಯುತ್ತದೆ. ಗೋಧಿ ಹಿಟ್ಟಿಗೆ ತಣ್ಣೀರು ಸಾಕು. ಯಾಕೆ? ದಿನಾ ಮುಂಜಾನೆ ಹಿಟ್ಟು ನಾದುವಾಗ ಪ್ರಶ್ನೆ ಬಂದು ನಿಲ್ಲುತ್ತದೆ. ಇಷ್ಟು ವರ್ಷ ರೊಟ್ಟಿ ಬಡಿದಿದ್ದೇನೆ. ಉತ್ತರ ನನಗಿನ್ನೂ ಗೊತ್ತಿಲ್ಲ. ಯಾರನ್ನೂ ಕೇಳಿಲ್ಲ.